ಕ್ಯಾರವಾನ್‌ನಲ್ಲಿ ಅಡುಗೆಮನೆ ಇದೆ, ಸರಿ. ಅಡುಗೆ ಯಾರದ್ದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಮೊದಲು ಒಂದು ಪ್ರಶ್ನೆ. ಕೊನೆ ಸಲ ನಿಮ್ಮ ಮನೆಯವರೆಲ್ಲ ಸೇರಿ ಟ್ರಿಪ್ ಹೋದ್ರಲ್ಲ, ಅವತ್ತು ಎಲ್ಲರಿಗಿಂತ ಮುಂಚೆ ಎದ್ದೋರು ಯಾರು? ಬುತ್ತಿ ಕಟ್ಟಿದ್ದು ಯಾರು? ವಾಪಸ್ ಬಂದಮೇಲೆ ಬಟ್ಟೆ ರಾಶಿ ಮುಂದೆ ಕೂತಿದ್ದು ಯಾರು? ಉತ್ತರ ನಂಗೆ ಹೇಳೋದು ಬೇಡ, ಮನಸ್ಸಲ್ಲಿಟ್ಕೊಳ್ಳಿ. ಇವತ್ತಿನ ಮಾತೆಲ್ಲ ಅದರ ಸುತ್ತಲೇ ಇದೆ.

ಊರು ಮಾತ್ರ ನಮ್ಮದಲ್ಲ, ಇಂಗ್ಲೆಂಡಿನದು. ನಮ್ಮ ಅಕ್ಕ, ಭಾವ ಲೆಸ್ಟರ್‌ನಲ್ಲಿದ್ದಾರೆ. 2025ರ ಜುಲೈನಲ್ಲಿ ಅಮ್ಮನ್ನ ಕರ್ಕೊಂಡು ಅವರ ಮನೆಗೆ ಹೋಗಿದ್ದೆ. ಅಪ್ಪ ಬರಲಿಲ್ಲ. ದಾವಣಗೆರೆಯಲ್ಲಿ ನಮ್ದು ಕಿರಾಣಿ ಅಂಗಡಿ. ಅಂಗಡಿ ಬಾಗಿಲು ಹಾಕಿದ್ರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ, ಆಮೇಲೆ ಅಲ್ಲೇ ಉಳೀತಾನೆ ಅನ್ನೋದು ಅಪ್ಪನ ಲೆಕ್ಕ. ಆ ಲೆಕ್ಕ ತಪ್ಪು ಅಂತ ಹೇಳೋಕೆ ನಾನು ಓದಿದ ಬಿ.ಕಾಂ.ಗೂ ಆಗಲ್ಲ.

ಅಲ್ಲಿಂದ ನಾವು ಆರು ಜನ ನಾಲ್ಕು ರಾತ್ರಿಗೆ ಸ್ಕೆಗ್ನೆಸ್ ಅನ್ನೋ ಕಡಲೂರಿಗೆ ಹೋದ್ವಿ. ಅಕ್ಕ, ಭಾವ, ಅವರ ಇಬ್ಬರು ಮಕ್ಕಳು, ಅಮ್ಮ, ನಾನು. ಉಳ್ಕೊಂಡಿದ್ದು ಕ್ಯಾರವಾನ್‌ನಲ್ಲಿ.

ಕ್ಯಾರವಾನ್ ಅಂದ ತಕ್ಷಣ ನಿಮಗೆ ರೀಲ್ಸ್ ನೆನಪಾಗುತ್ತೆ, ಗೊತ್ತು. ಬೆಟ್ಟದ ತುದಿಯಲ್ಲಿ ವ್ಯಾನ್, ಹಿಂದಿನ ಬಾಗಿಲು ತೆಗೆದ್ರೆ ಮೋಡ, ಕೈಯಲ್ಲಿ ಕಾಫಿ ಮಗ್ಗು. ಇದು ಅದಲ್ಲ. ಇದಕ್ಕೆ ಸ್ಟ್ಯಾಟಿಕ್ ಕ್ಯಾರವಾನ್ ಅಂತಾರೆ. ಚಕ್ರ ಇರುತ್ತೆ, ಆದ್ರೆ ರಸ್ತೆಗೆ ಇಳಿಯಲ್ಲ. ಕಾರ್ಖಾನೆಯಿಂದ ಲಾರಿ ಮೇಲೆ ಬಂದು ಸಿಮೆಂಟ್ ಹಾಸಿನ ಮೇಲೆ ಕೂತ್ರೆ ವರ್ಷಗಟ್ಟಲೆ ಅಲ್ಲೇ. ಉದ್ದಕ್ಕೆ ಒಂದು ತಗಡಿನ ಮನೆ ಅಂದ್ಕೊಳ್ಳಿ. ಒಂದು ಕಡೆ ಸೋಫಾ ಇರೋ ಹಾಲ್, ಮಧ್ಯ ಅಡುಗೆಮನೆ, ಇನ್ನೊಂದು ಕಡೆ ಎರಡು ಪುಟ್ಟ ರೂಮು, ಒಂದು ಬಚ್ಚಲು. ರಾತ್ರಿ ಆದ್ರೆ ಹಾಲ್‌ನ ಸೋಫಾನೇ ಹಾಸಿಗೆ. ಇಂಥವು ಸ್ಕೆಗ್ನೆಸ್ ಸುತ್ತಮುತ್ತ ಒಂದೆರಡಲ್ಲ, ಸಾವಿರಾರು. ಸಾಲುಸಾಲಾಗಿ, ಲೇಔಟ್ ಥರ, ನಂಬರ್ ಸಮೇತ.

ಅಮ್ಮ ಒಳಗೆ ಹೋಗಿ ಮೊದಲು ನೋಡಿದ್ದು ಕಡಲನ್ನಲ್ಲ, ಸ್ಟವ್. ಆಮೇಲೆ ಹೊರಗೆ ಬಂದು ಹಿಂದುಗಡೆ ನಿಂತಿದ್ದ ಸಿಲಿಂಡರ್ ನೋಡಿ, "ಅಯ್ಯೋ, ಇಲ್ಲೂ ಸಿಲಿಂಡರ್ರಾ? ತುಂಬಿದೆಯೇನೇ ನೋಡು" ಅಂದ್ರು.

ಈಗ ದುಡ್ಡಿನ ಮಾತು. ಈ ಪಾಡ್‌ಕಾಸ್ಟ್ ಕೇಳೋರಿಗೆ ಅದಿಲ್ಲದೆ ಊಟಕ್ಕೆ ಉಪ್ಪಿಲ್ಲದ ಹಾಗೆ.

ಸೋಮವಾರದಿಂದ ಶುಕ್ರವಾರ, ನಾಲ್ಕು ರಾತ್ರಿ, ಆರು ಜನಕ್ಕೆ ನಾವು ಕೊಟ್ಟ ಬಾಡಿಗೆ 430 ಪೌಂಡ್. ಹತ್ತಿರಹತ್ತಿರ 50 ಸಾವಿರ ರೂಪಾಯಿ. ಕೇಳೋಕೆ ದೊಡ್ಡ ಮೊತ್ತ. ಆದ್ರೆ ಒಬ್ಬರಿಗೆ ಒಂದು ರಾತ್ರಿಗೆ ಸುಮಾರು 18 ಪೌಂಡ್. ಅಲ್ಲಿನ ಸಂಬಳಕ್ಕೆ ಹೋಲಿಸಿದ್ರೆ ಕಡಿಮೆನೇ. ಹೋಟೆಲ್ ಆಗಿದ್ರೆ ಆರು ಜನಕ್ಕೆ ಎರಡು ಮೂರು ರೂಮು ಬೇಕಾಗ್ತಿತ್ತು, ಮೂರು ಹೊತ್ತೂ ಹೊರಗೆ ತಿನ್ನಬೇಕಾಗ್ತಿತ್ತು.

ಇಷ್ಟಕ್ಕೆ ಸಿಕ್ಕಿದ್ದಕ್ಕೆ ಇನ್ನೊಂದು ಕಾರಣಾನೂ ಇದೆ. ಲೆಸ್ಟರ್ ಒಂದು ಕಾಲಕ್ಕೆ ಹೊಸೈರಿ, ಶೂ ಕಾರ್ಖಾನೆಗಳ ಊರು. ಜುಲೈ ಮೊದಲ ಎರಡು ವಾರ ಕಾರ್ಖಾನೆಗಳೆಲ್ಲ ಒಟ್ಟಿಗೆ ಬಾಗಿಲು ಹಾಕ್ತಿದ್ವು. ಅದನ್ನ ಲೆಸ್ಟರ್ ಫೋರ್ಟ್‌ನೈಟ್ ಅಂತಿದ್ರು. ಊರಿಗೆ ಊರೇ ರಜೆ, ಊರಿಗೆ ಊರೇ ಕಡಲ ದಂಡೆಗೆ. ಆ ಕಾರ್ಖಾನೆಗಳು ಬಹುತೇಕ ಮುಚ್ಚಿಹೋದ್ವು, ಆದ್ರೆ ಲೆಸ್ಟರ್ ಶಾಲೆಗಳ ಬೇಸಿಗೆ ರಜೆ ದೇಶದ ಬೇರೆ ಕಡೆಗಿಂತ ಬೇಗ ಶುರುವಾಗೋ ರೂಢಿ ಉಳ್ಕೊಂಡಿದೆ. ಇಡೀ ಇಂಗ್ಲೆಂಡಿನ ಶಾಲೆಗಳಿಗೆ ರಜೆ ಬಿದ್ದಾಗ ಬಾಡಿಗೆ ಏರುತ್ತೆ, ನಮ್ಮಲ್ಲಿ ದಸರಾ ಟೈಮಲ್ಲಿ ಬಸ್ ಟಿಕೆಟ್ ಏರೋ ಹಾಗೆ. ಲೆಸ್ಟರ್‌ನವರು ಅದಕ್ಕೆ ಸ್ವಲ್ಪ ಮುಂಚೆ ಹೋಗಿ ಬರಬಹುದು. ಹಳೇ ಕಾರ್ಖಾನೆಯ ಕ್ಯಾಲೆಂಡರ್ ಇವತ್ತು ಅಕ್ಕನ ಮನೆಯ ದುಡ್ಡು ಉಳಿಸ್ತಿದೆ!

ಅಂದ್ರೆ ಶಾಲೆ ನಡೀತಿರೋವಾಗಲೇ ಮಕ್ಕಳನ್ನ ಕರ್ಕೊಂಡು ಹೋದ್ರೆ ಇನ್ನೂ ಅಗ್ಗ ಅಲ್ವಾ ಅಂತ ಕೇಳಬಹುದು. ಅಲ್ಲಿ ಅದಕ್ಕೆ ದಂಡ ಇದೆ. 2024ರ ಆಗಸ್ಟ್‌ನಿಂದ ಒಂದು ಮಗುವಿಗೆ, ತಂದೆ ತಾಯಿ ಒಬ್ಬೊಬ್ಬರಿಗೂ 80 ಪೌಂಡ್, 21 ದಿನದೊಳಗೆ ಕಟ್ಟಲಿಲ್ಲ ಅಂದ್ರೆ 160. ಇಬ್ಬರು ಮಕ್ಕಳಿದ್ರೆ ಲೆಕ್ಕ ನೀವೇ ಹಾಕಿ. ಆದ್ರೂ ಕೆಲವರು ದಂಡವನ್ನೂ ಟ್ರಿಪ್ ಖರ್ಚಿಗೇ ಸೇರಿಸಿ ಹೊರಡ್ತಾರೆ.

ಸರಿ, ಈ ಊರಿಗೇ ಯಾಕೆ ಹೋಗ್ತಾರೆ? ಸ್ಕೆಗ್ನೆಸ್ ಇರೋದು ಇಂಗ್ಲೆಂಡಿನ ಪೂರ್ವ ದಂಡೆಯಲ್ಲಿ, ಲಿಂಕನ್‌ಶೈರ್‌ನಲ್ಲಿ. ಮುಂದೆ ನಾರ್ತ್ ಸೀ. 1873ರಲ್ಲಿ ರೈಲು ಬಂತು. 1881ರಲ್ಲಿ ಕಡಲೊಳಗೆ ಚಾಚಿಕೊಂಡ ಪಿಯರ್ ಕಟ್ಟಿದ್ರು, ಅಂದ್ರೆ ನಡೆದಾಡೋಕೆ ಕಂಬಗಳ ಮೇಲೆ ನಿಂತ ಉದ್ದನೆಯ ಕಟ್ಟೆ. 1978ರ ಬಿರುಗಾಳಿಗೆ ಅದರ ದೊಡ್ಡ ಭಾಗ ಕೊಚ್ಚಿಹೋಗಿ ಈಗ ಮೋಟು ಪಿಯರ್ ಉಳಿದಿದೆ. 1908ರಲ್ಲಿ ರೈಲ್ವೆ ಕಂಪನಿಯೊಂದು ಜಾನ್ ಹ್ಯಾಸಲ್ ಅನ್ನೋ ಕಲಾವಿದನ ಕೈಲಿ ಒಂದು ಪೋಸ್ಟರ್ ಬರೆಸಿತು. ಡುಮ್ಮ ಮೀನುಗಾರನೊಬ್ಬ ಕೈ ಚಾಚಿ ಮರಳ ಮೇಲೆ ಕುಣೀತಿದ್ದಾನೆ. ಇಲ್ಲಿನ ಗಾಳಿ ಮೈ ಚುರುಕು ಮಾಡುತ್ತೆ ಅಂತ ಅದರ ಅರ್ಥ. ಸರಳವಾಗಿ ಹೇಳಬೇಕಂದ್ರೆ, ಇಲ್ಲಿ ಚಳಿ ಗಾಳಿ ಜಾಸ್ತಿ! ಮೈನಸ್ ಪಾಯಿಂಟನ್ನೇ ಪ್ಲಸ್ ಮಾಡಿ ಮಾರೋದು ಅಂದ್ರೆ ಇದು. ಮಾರ್ಕೆಟಿಂಗ್ ಓದ್ತಿರೋರು ಬರ್ಕೊಳ್ಳಿ. ಆ ಮೀನುಗಾರ ಇವತ್ತಿಗೂ ಆ ಊರಿನ ಗುರುತು.

ಇನ್ನೊಂದು ಹೆಸರು ಹೇಳದೆ ಈ ಕತೆ ಮುಂದೆ ಹೋಗಲ್ಲ. ಬಿಲ್ಲಿ ಬಟ್ಲಿನ್. ಜಾತ್ರೆಯಲ್ಲಿ ರಿಂಗ್ ಎಸೆಯೋ ಆಟದ ಅಂಗಡಿ ಇಡ್ತಿದ್ದ ಮನುಷ್ಯ. ಆ ಕಾಲಕ್ಕೆ ಕಡಲೂರುಗಳಲ್ಲಿ ಸಾಮಾನ್ಯ ಜನ ಉಳೀತಿದ್ದಿದ್ದು ಬೋರ್ಡಿಂಗ್ ಹೌಸ್‌ಗಳಲ್ಲಿ. ಬೆಳಗ್ಗೆ ತಿಂಡಿ ಆದ್ಮೇಲೆ ಮನೆ ಯಜಮಾನಿ ಎಲ್ಲರನ್ನೂ ಹೊರಗೆ ಕಳಿಸೋಳು. ಮತ್ತೆ ಒಳಗೆ ಬರಬೇಕಂದ್ರೆ ಊಟದ ಹೊತ್ತಿಗೇ. ಮಳೆ ಬಂದ್ರೂ ಸರಿ, ಕೈಲಿ ಕೂಸಿದ್ರೂ ಸರಿ. ಹಾಗೆ ಮಳೇಲಿ ನೆನೀತಾ ಅಲೆಯೋ ಸಂಸಾರಗಳನ್ನ ವೇಲ್ಸ್‌ನ ಬ್ಯಾರಿ ಐಲ್ಯಾಂಡ್‌ನಲ್ಲಿ ನೋಡಿ ತನಗೆ ಐಡಿಯಾ ಬಂತು ಅಂತ ಬಟ್ಲಿನ್ ಹೇಳ್ತಿದ್ದ. 1936ರ ಏಪ್ರಿಲ್‌ನಲ್ಲಿ ಸ್ಕೆಗ್ನೆಸ್ ಪಕ್ಕದ ಇಂಗೋಲ್ಡ್‌ಮೆಲ್ಸ್‌ನಲ್ಲಿ ತನ್ನ ಮೊದಲ ಹಾಲಿಡೇ ಕ್ಯಾಂಪ್ ತೆರೆದ. ವಾರದ ಸಂಬಳಕ್ಕೆ ವಾರದ ರಜೆ ಅನ್ನೋದು ಅವನ ಘೋಷಣೆ. ಪ್ರತಿ ಕುಟುಂಬಕ್ಕೂ ಒಂದು ಪುಟ್ಟ ಕೋಣೆ, ಎಲ್ಲರಿಗೂ ಒಂದೇ ದೊಡ್ಡ ಊಟದ ಹಾಲ್, ಮೂರು ಹೊತ್ತಿನ ಊಟವೂ ಆ ದುಡ್ಡಲ್ಲೇ. ಈ ಕ್ಯಾಂಪ್‌ಗಳಲ್ಲಿ ರಾತ್ರಿ ಕೂಸು ಅತ್ತರೆ ನೋಡ್ಕೊಳ್ಳೋಕೆ ಗಸ್ತಿನವರೂ ಇರ್ತಿದ್ರು, ಅಪ್ಪ ಅಮ್ಮ ಡ್ಯಾನ್ಸ್‌ಗೆ ಹೋಗಬಹುದಿತ್ತು.

ಎರಡು ವರ್ಷ ಆದ್ಮೇಲೆ, 1938ರಲ್ಲಿ, ಹಾಲಿಡೇಸ್ ವಿತ್ ಪೇ ಆಕ್ಟ್ ಬಂತು. ವರ್ಷಕ್ಕೆ ಒಂದು ವಾರ ಸಂಬಳ ಸಮೇತ ರಜೆ ಅನ್ನೋ ತತ್ವಕ್ಕೆ ಕಾನೂನಿನ ಮುದ್ರೆ ಬಿತ್ತು. ಯುದ್ಧ ಮುಗಿದ್ಮೇಲೆ ಅದು ನಿಜವಾಗಿ ಜನರ ಕೈಗೆ ಸಿಕ್ತು. ರಜೆ ಅನ್ನೋದು ದುಡ್ಡಿರೋರ ಶೋಕಿ ಅನ್ನೋ ಜಾಗದಿಂದ, ಮಿಷಿನ್ ಓಡಿಸೋನ ಹಕ್ಕು ಅನ್ನೋ ಜಾಗಕ್ಕೆ ಬಂತು. ಬಟ್ಲಿನ್ ಕ್ಯಾಂಪ್ ಆ ಗಂಡಾಳಿಗೆ ಕಾರ್ಖಾನೆಯಿಂದ ರಜೆ ಕೊಟ್ಟಿದ್ದಷ್ಟೇ ಅಲ್ಲ, ಅವನ ಹೆಂಡತಿಗೆ ಒಲೆಯಿಂದಲೂ ರಜೆ ಕೊಡ್ತು. ಇದನ್ನ ಗಮನಿಸಿ.

ಕ್ಯಾರವಾನ್ ಕತೆ ಬೇರೆ. ಮೋಜಿಗೆ ಅಂತ ಮಾಡಿಸಿದ ಮೊದಲ ಕ್ಯಾರವಾನ್ 1885ರದ್ದು ಅಂತಾರೆ. ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಅನ್ನೋ ನೌಕಾಪಡೆಯ ಡಾಕ್ಟರ್, ಬರಹಗಾರ, ಬ್ರಿಸ್ಟಲ್‌ನಲ್ಲಿ ಕುದುರೆ ಎಳೆಯೋ ಬಂಡಿ ಮಾಡಿಸಿ ವಾಂಡರರ್ ಅಂತ ಹೆಸರಿಟ್ಟ. 1907ರಲ್ಲಿ ಕ್ಯಾರವಾನ್ ಕ್ಲಬ್ ಹುಟ್ಟಿತು. ಆಗ ಅದು ಅನುಕೂಲಸ್ಥರ ಹವ್ಯಾಸ. ಕಾರ್ಮಿಕರ ಕೈಗೆ ಬಂದಿದ್ದು ಎರಡನೇ ಮಹಾಯುದ್ಧದ ನಂತರ, ಅದೂ ಹೆಚ್ಚಾಗಿ ಈ ಓಡಾಡದ ಕ್ಯಾರವಾನ್ ರೂಪದಲ್ಲಿ. ಅದರ ದೊಡ್ಡ ಆಕರ್ಷಣೆ ಬೀಗದ ಕೈ. ನಿಮ್ಮ ಬಾಗಿಲು, ನಿಮ್ಮ ಟೈಮು, ನಿಮ್ಮ ಅಡುಗೆ. ಹೊರಗೆ ಹೋಗಿ ಅನ್ನೋ ಯಜಮಾನಿ ಇಲ್ಲ, ಗಂಟೆ ಹೊಡೆದಾಗ ಊಟಕ್ಕೆ ಬನ್ನಿ ಅನ್ನೋ ಕ್ಯಾಂಪೂ ಇಲ್ಲ.

ಬೋರ್ಡಿಂಗ್ ಹೌಸ್‌ನಲ್ಲಿ ಅಡುಗೆ ಯಜಮಾನಿದು. ಕ್ಯಾಂಪ್‌ನಲ್ಲಿ ಅಡುಗೆ ಕಂಪನಿದು. ಕ್ಯಾರವಾನ್‌ನಲ್ಲಿ ಅಡುಗೆ ಮತ್ತೆ ಮನೆಯವರದು. "ಮನೆಯವರು" ಅಂದ್ರೆ ಯಾರು ಅಂತ ಬಿಡಿಸಿ ಹೇಳಬೇಕಾ?

ಈಗ ನಮ್ಮ ನಾಲ್ಕು ದಿನದ ಕತೆ. ಅಕ್ಕ ಕಾರ್ ಡಿಕ್ಕಿಗೆ ಕುಕ್ಕರ್ ಹಾಕಿದ್ಲು. ಅಮ್ಮ ದಾವಣಗೆರೆಯಿಂದ ತಂದಿದ್ದ ಚಟ್ನಿಪುಡಿ, ಮಂಡಕ್ಕಿ, ಹುರಿಗಡಲೆ ಎಲ್ಲ ಬಂತು. ಮೊದಲ ದಿನ ರಾತ್ರಿ ಅನ್ನ ಸಾರು. ಮಂಗಳವಾರ ಬೆಳಗ್ಗೆ ಉಪ್ಪಿಟ್ಟು, ಮಧ್ಯಾಹ್ನಕ್ಕೆ ಬೀಚಿಗೆ ಬುತ್ತಿ ಚಿತ್ರಾನ್ನ, ಸಂಜೆ ಒಗ್ಗರಣೆ ಮಂಡಕ್ಕಿ, ರಾತ್ರಿ ಚಪಾತಿ ಪಲ್ಯ. ನಾರ್ತ್ ಸೀ ಗಾಳಿಗೆ ಹಸಿವು ಬೇರೆ ಜಾಸ್ತಿ. ಮಕ್ಕಳು ಮರಳು ತಂದು ಹಾಲೆಲ್ಲ ಚೆಲ್ಲೋರು, ಅಕ್ಕ ಗುಡಿಸೋಳು.

ನಾನು ಯಾವ ಟ್ರಿಪ್ ಹೋದ್ರೂ ಫೋನಲ್ಲಿ ಒಂದು ಶೀಟ್ ಮಾಡ್ತೀನಿ. ಬಾಡಿಗೆ, ಪೆಟ್ರೋಲ್, ದಿನಸಿ, ಪಾರ್ಕಿಂಗ್. ಮಂಗಳವಾರ ರಾತ್ರಿ ಅದಕ್ಕೆ ಇನ್ನೊಂದು ಸಾಲು ಸೇರಿಸಿದೆ. ಅಡುಗೆಮನೆ ಕೆಲಸ, ಗಂಟೆಗಳಲ್ಲಿ. ಅಕ್ಕ ಮೂರು ಗಂಟೆ, ಅಮ್ಮ ಎರಡು ಗಂಟೆ, ದಿನಕ್ಕೆ ಐದು. ನಾಲ್ಕು ದಿನಕ್ಕೆ 20 ಗಂಟೆ. ಬ್ರಿಟನ್ನಿನಲ್ಲಿ ಆಗ, ಅಂದ್ರೆ 2025ರ ಏಪ್ರಿಲ್‌ನಿಂದ, 21 ತುಂಬಿದವರ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಇತ್ತು. ಗುಣಿಸಿ. 244 ಪೌಂಡ್ 20 ಪೆನ್ಸ್.

ಬಾಡಿಗೆ 430. ಯಾರ ಲೆಕ್ಕದಲ್ಲೂ ಇಲ್ಲದ ಸಾಲು 244. ಅಂದ್ರೆ ಬಾಡಿಗೆಯ ಅರ್ಧಕ್ಕಿಂತ ಜಾಸ್ತಿ. ನಮಗೆ ಅಗ್ಗ ಅನ್ಸಿದ ರಜೆಗೆ ಸಬ್ಸಿಡಿ ಕೊಟ್ಟಿದ್ದು ಸರ್ಕಾರ ಅಲ್ಲ, ಅಕ್ಕ ಮತ್ತು ಅಮ್ಮ.

ಶೀಟ್‌ನ ಭಾವನಿಗೆ ತೋರಿಸಿದೆ. ಅವರು ಜಗಳ ಮಾಡೋ ಪೈಕಿ ಅಲ್ಲ. ಎರಡು ನಿಮಿಷ ನೋಡಿ, "ನಾಳೆ ತಿಂಡಿ ನಂದು, ರಾತ್ರಿ ಊಟ ಹೊರಗೆ. ಪಾತ್ರೆ ನೀನು" ಅಂದ್ರು. ಬುಧವಾರ ಬೆಳಗ್ಗೆ ಬ್ರೆಡ್ ಟೋಸ್ಟು, ಹಣ್ಣು. ಅಷ್ಟೇ. ಯಾರಿಗೂ ಏನೂ ಆಗಲಿಲ್ಲ. ಮಕ್ಕಳಿಗಂತೂ ಹಬ್ಬ.

ಅಮ್ಮಂಗೆ ಮಾತ್ರ ಕಸಿವಿಸಿ. ಎರಡು ಸಲ ಅಡುಗೆಮನೆಗೆ ಬಂದು ನೋಡಿ ಹೋದ್ರು. "ಅಮ್ಮ, ಸುಮ್ನೆ ಕೂತ್ಕೊಳ್ರೀ" ಅಂದ್ರೆ, "ಸುಮ್ನೆ ಕೂರೋದೂ ಒಂದ್ ಕೆಲ್ಸಾನೇ ಕಣೇ, ನಂಗದು ಬರಲ್ಲ" ಅಂದ್ರು. ಜೋಕ್ ಥರ ಹೇಳಿದ್ರು, ಎಲ್ಲರೂ ನಕ್ವಿ. ಆದ್ರೆ ಆಲೋಚನೆ ಮಾಡಿ. ನಮ್ಮಮ್ಮ ಧರ್ಮಸ್ಥಳ ನೋಡಿದ್ದಾರೆ, ಶ್ರೀಶೈಲ ನೋಡಿದ್ದಾರೆ, ಲೆಕ್ಕವಿಲ್ಲದಷ್ಟು ಮದುವೆಗೆ ಹೋಗಿದ್ದಾರೆ. ಪ್ರತಿ ಪ್ರಯಾಣಕ್ಕೂ ಒಂದು ಕಾರಣ ಇತ್ತು, ಒಂದು ಕೆಲಸ ಇತ್ತು. ದೇವರಿಲ್ಲದ, ನೆಂಟರಿಲ್ಲದ, ಮಾಡೋಕೆ ಏನೂ ಇಲ್ಲದ ಊರಿಗೆ 60 ದಾಟಿದ್ಮೇಲೆ ಮೊದಲ ಸಲ ಬಂದಿದ್ರು.

ಗುರುವಾರ ಅವರೇ ಒಂದು ಕೆಲಸ ಹುಡುಕ್ಕೊಂಡ್ರು. ನಮ್ಮ ಗೋಕರ್ಣ, ಮಲ್ಪೆಯಲ್ಲಿ ಸೂರ್ಯ ಕಡಲಲ್ಲಿ ಮುಳುಗ್ತಾನೆ. ಸ್ಕೆಗ್ನೆಸ್ ಪೂರ್ವ ದಂಡೆ, ಅಲ್ಲಿ ಕಡಲಿಂದ ಹುಟ್ತಾನೆ. ಜುಲೈನಲ್ಲಿ ಬೆಳಗ್ಗೆ ಐದಕ್ಕೂ ಮುಂಚೆ. ರಾತ್ರಿ ಒಂಬತ್ತಾದ್ರೂ ಬೆಳಕು, ದೀಪ ಹಚ್ಚೋ ಹೊತ್ತು ಯಾವುದು ಅಂತಲೇ ಅಮ್ಮಂಗೆ ಗೊತ್ತಾಗ್ತಿರಲಿಲ್ಲ. ಸೀರೆ ಮೇಲೆ ಸ್ವೆಟರ್, ಅಕ್ಕನ ಸ್ಪೋರ್ಟ್ಸ್ ಶೂ ಹಾಕ್ಕೊಂಡು ನನ್ನನ್ನೂ ಎಬ್ಬಿಸಿ ಹೊರಟ್ರು. ಇಳಿತದ ಹೊತ್ತು, ನೀರು ದೂರಕ್ಕೆ ಸರಿದಿತ್ತು, ಮರಳು ಬಯಲಿನ ಥರ ಹರಡಿತ್ತು. ದೂರದಲ್ಲಿ ಕಡಲೊಳಗೆ ಗಾಳಿ ಗಿರಣಿಗಳ ಸಾಲು. ಆ ದಂಡೆಯಿಂದ ಸುಮಾರು ಐದು ಕಿಲೋಮೀಟರ್ ಆಚೆ 54 ಟರ್ಬೈನ್‌ಗಳಿವೆ. "ಚಿತ್ರದುರ್ಗದಲ್ಲಿ ಗುಡ್ಡದ ಮೇಲೆ ಇಟ್ಟಿದಾರೆ, ಇವರು ನೀರಲ್ಲಿ ನೆಟ್ಟಿದಾರೆ" ಅಂದ್ರು. ಅಲ್ಲಿಂದ ವಾಪಸ್ ಬಂದಿದ್ದು ಎಂಟು ಗಂಟೆಗೆ. ತಿಂಡಿ ಏನು ಅಂತ ಕೇಳಲಿಲ್ಲ. ಅದು ದೊಡ್ಡ ವಿಷಯ.

ಅವತ್ತೇ ಆರ್ಕೇಡ್‌ಗೂ ಹೋದ್ವಿ. ಅಲ್ಲಿ ಎರಡು ಪೆನ್ನಿ ನಾಣ್ಯದ ಮಿಷಿನ್ ಇರುತ್ತೆ. ನಾಣ್ಯ ಹಾಕಿದ್ರೆ ಒಳಗಿನ ರಾಶಿಯನ್ನ ತಳ್ಳುತ್ತೆ, ಅಂಚಿನಿಂದ ಬಿದ್ದಿದ್ದು ನಿಮಗೆ. ಎರಡು ಪೌಂಡ್ ಕೊಟ್ರೆ ನೂರು ನಾಣ್ಯ. ಅಮ್ಮ ಮುಕ್ಕಾಲು ಗಂಟೆ ಆಡಿ ಎಲ್ಲ ಕಳೆದು, "ಚೀಟಿ ವ್ಯವಹಾರ ಇದ್ದಂಗೆ, ಕೊನೆಗೆ ದುಡ್ಡು ನಡೆಸೋರದ್ದೇ" ಅಂದ್ರು. ಮಕ್ಕಳಿಗೆ ಸೀಲ್‌ಗಳನ್ನ ತೋರಿಸೋಕೆ ನೇಚರ್‌ಲ್ಯಾಂಡ್‌ಗೂ ಹೋಗಿದ್ವಿ. ತಾಯಿಯಿಂದ ತಪ್ಪಿಸ್ಕೊಂಡ ಸೀಲ್ ಮರಿಗಳನ್ನ ಸಾಕಿ ಮತ್ತೆ ಕಡಲಿಗೆ ಬಿಡೋ ಜಾಗ ಅದು.

ಸಸ್ಯಾಹಾರಿಗಳಿಗೆ ಒಂದು ಟಿಪ್. ಇಂಗ್ಲೆಂಡಿನ ಕಡಲೂರಲ್ಲಿ ಚಿಪ್ಸ್ ತಾನೇ ಅಂತ ತಗೋಬೇಡಿ. ಕೆಲವು ಅಂಗಡಿಗಳಲ್ಲಿ ದನದ ಕೊಬ್ಬಲ್ಲಿ ಕರೀತಾರೆ. ಎಣ್ಣೆ ಯಾವುದು ಅಂತ ಕೇಳಿ, ಬೇಜಾರಿಲ್ಲದೆ ಹೇಳ್ತಾರೆ.

ಇನ್ನು, ನಾವು ರಜೆ ಕಳೆದ ಊರಿನ ಲೆಕ್ಕವನ್ನೂ ನೋಡ್ಬೇಕು. 2013ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿ ಇಂಗ್ಲೆಂಡಿನ 57 ದೊಡ್ಡ ಕಡಲೂರುಗಳನ್ನ ಹೋಲಿಸಿತ್ತು. ಬಡತನ, ಕೆಲಸದ ಕೊರತೆ ಇಂಥ ಅಳತೆಗಳಲ್ಲಿ ಅತ್ಯಂತ ಹಿಂದುಳಿದಿದ್ದು ಸ್ಕೆಗ್ನೆಸ್ ಮತ್ತು ಇಂಗೋಲ್ಡ್‌ಮೆಲ್ಸ್. ಸ್ಪೇನ್‌ಗೆ ಅಗ್ಗದ ವಿಮಾನ ಪ್ಯಾಕೇಜ್‌ಗಳು ಬಂದ್ಮೇಲೆ ಇಂಥ ಊರುಗಳಿಗೆ ಹೊಡೆತ ಬಿತ್ತು. ಉಳಿದ ಕೆಲಸ ಬಹುಪಾಲು ಸೀಸನ್ನಿನದು. ಬೇಸಿಗೆಯಲ್ಲಿ ಬಿಡುವಿಲ್ಲ, ಚಳಿಗಾಲದಲ್ಲಿ ಕೆಲಸ ಇಲ್ಲ. ಅಲ್ಲಿ ಕ್ಯಾರವಾನ್ ತೊಳೆದು ಬೆಡ್‌ಶೀಟ್ ಬದಲಾಯಿಸೋ ಹೆಣ್ಣುಮಗಳಿಗೆ, ಅವಳ ಮಕ್ಕಳಿಗೆ ಶಾಲೆ ರಜೆ ಇರೋ ವಾರಗಳೇ ಅತಿ ಹೆಚ್ಚು ಕೆಲಸದ ವಾರಗಳು. ಎಲ್ಲರ ರಜೆ ಅವಳ ಡ್ಯೂಟಿ.

ಚಳಿಗಾಲದಲ್ಲಿ ಆ ಪಾರ್ಕ್‌ಗಳಲ್ಲಿ ಬಹಳಷ್ಟು ಮುಚ್ಚಿರುತ್ತವೆ. ಅದಕ್ಕೆ ವ್ಯಾಪಾರವಷ್ಟೇ ಕಾರಣ ಅಲ್ಲ. 1953ರ ಜನವರಿ 31ರ ರಾತ್ರಿ ನಾರ್ತ್ ಸೀ ಉಕ್ಕಿ ಇಂಗ್ಲೆಂಡಿನಲ್ಲಿ 307 ಜನ ಸತ್ತರು, ಲಿಂಕನ್‌ಶೈರ್ ದಂಡೆಯಲ್ಲೂ ಸಾವಾಯ್ತು. ತಗ್ಗು ನೆಲ ಅದು. 1994ರಿಂದ ಕಡಲ ತಳದ ಮರಳು ತೆಗೆದು ಮೇಬಲ್‌ಥಾರ್ಪ್‌ನಿಂದ ಸ್ಕೆಗ್ನೆಸ್‌ವರೆಗಿನ ದಂಡೆಗೆ ತುಂಬೋ ಕೆಲಸ ನಡೆದಿದೆ. ಮಕ್ಕಳು ಮರಳಲ್ಲಿ ಗೋಪುರ ಕಟ್ತಾರಲ್ಲ, ಆ ಮರಳೂ ಒಂದು ಥರದ ಗೋಡೆ.

ಪಾರ್ಕ್‌ಗಳಲ್ಲಿ "ನಿಮ್ಮದೇ ಕ್ಯಾರವಾನ್ ತಗೊಳ್ಳಿ" ಅನ್ನೋ ಬೋರ್ಡುಗಳೂ ಕಾಣ್ತವೆ. ಭಾವಂಗೆ ಆಸೆ ಬಂತು. ನಾನು ಹೇಳಿದ್ದಿಷ್ಟು. ಇದನ್ನ ಸೈಟ್ ತಗೊಂಡ ಹಾಗೆ ಅಂದ್ಕೋಬೇಡಿ, ಕಾರ್ ತಗೊಂಡ ಹಾಗೆ ಅಂದ್ಕೊಳ್ಳಿ. ನೆಲ ನಿಮ್ಮದಾಗಲ್ಲ. ವರ್ಷವರ್ಷ ನೆಲಬಾಡಿಗೆ ಸಾವಿರಾರು ಪೌಂಡ್, ವರ್ಷವರ್ಷ ಕ್ಯಾರವಾನ್ ಬೆಲೆ ಇಳಿಕೆ, ಇಷ್ಟು ವರ್ಷ ಮಾತ್ರ ಇಡಬಹುದು ಅನ್ನೋ ಕರಾರು. ನಿಜವಾಗಿ ಇಷ್ಟಪಟ್ಟು ಪ್ರತಿ ವಾರಾಂತ್ಯ ಹೋಗೋರಿಗೆ ಸರಿ. ಹೂಡಿಕೆ ಅಂತ ಮಾತ್ರ ಹೇಳ್ಕೋಬೇಡಿ.

ಇಷ್ಟೆಲ್ಲ ಕೇಳಿ, ನಮಗೇನು ಅಂತೀರಾ? ನಮ್ಮಲ್ಲೂ ಕಾನೂನಿದೆ. 2025ರವರೆಗೆ ಜಾರಿಯಲ್ಲಿದ್ದ 1948ರ ಫ್ಯಾಕ್ಟರೀಸ್ ಆಕ್ಟ್ ಪ್ರಕಾರ, ವರ್ಷಕ್ಕೆ 240 ದಿನ ದುಡಿದವರಿಗೆ 20 ದಿನಕ್ಕೆ ಒಂದು ದಿನದಂತೆ ಸಂಬಳ ಸಮೇತ ರಜೆ ಇತ್ತು. ಆದ್ರೆ ನಮ್ಮಲ್ಲಿ ಬಹುಪಾಲು ಜನ ಫ್ಯಾಕ್ಟರಿ ಮಸ್ಟರ್ ಬುಕ್ಕಿನಲ್ಲಿಲ್ಲ. ನಮ್ಮಪ್ಪನ ಅಂಗಡಿಗೆ ಆ ಕಾನೂನು ಬರಲ್ಲ. ಡೆಲಿವರಿ ಮಾಡೋ ಹುಡುಗನಿಗೆ ಆಫ್‌ಲೈನ್ ಆದ್ರೆ ಆ ದಿನದ ದುಡ್ಡಿಲ್ಲ. ಮನೆ ಕೆಲಸ ಮಾಡೋ ಅಮ್ಮನ ಹೆಸರು ಯಾವ ರಿಜಿಸ್ಟರ್‌ನಲ್ಲೂ ಇಲ್ಲ. ನಾವು ಟೆಂಪೋ ಟ್ರಾವೆಲರ್ ಮಾಡ್ಕೊಂಡು ಹೊರಟ್ರೂ ಹಿಂದಿನ ಸೀಟಲ್ಲಿ ಗ್ಯಾಸ್ ಸ್ಟವ್ ಇರುತ್ತೆ, ರಸ್ತೆ ಬದಿ ಮರದ ಕೆಳಗೆ ಹೆಂಗಸರು ಈರುಳ್ಳಿ ಹೆಚ್ತಿರ್ತಾರೆ, ಗಂಡಸರು ಫೋಟೋ ತೆಗೀತಿರ್ತಾರೆ.

ಹೊರಗೇ ತಿನ್ನಿ ಅಂತ ನಾನು ಹೇಳ್ತಿಲ್ಲ. ಎಲ್ಲರಿಗೂ ಅದು ಕೈಗೆಟುಕಲ್ಲ, ಮನೆ ಊಟದ ರುಚಿ ಬೇರೆ ಅನ್ನೋದೂ ನಿಜ. ಹೇಳ್ತಿರೋದು ಮೂರು ಮಾತು. ಒಂದು, ಟ್ರಿಪ್ ಬಜೆಟ್ ಮಾಡೋವಾಗ ಗಂಟೆಗಳ ಕಾಲಂ ಒಂದು ಹಾಕಿ. ಎರಡು, ಯಾವ ದಿನದ ಅಡುಗೆ ಯಾರದ್ದು, ಪಾತ್ರೆ ಯಾರದ್ದು ಅಂತ ಹೊರಡೋಕೆ ಮುಂಚೆನೇ ಬರೆದು ಫ್ಯಾಮಿಲಿ ಗ್ರೂಪ್‌ಗೆ ಹಾಕಿ. ಅಲ್ಲಿಗೆ ಹೋದ್ಮೇಲೆ ನೋಡೋಣ ಅಂದ್ರೆ, ಯಾವಾಗಲೂ ಮಾಡೋರೇ ಮತ್ತೆ ಮಾಡ್ತಾರೆ. ಮೂರು, ಅಮ್ಮಂಗೆ "ರೆಸ್ಟ್ ತಗೋ" ಅಂತ ಬರೀ ಬಾಯಲ್ಲಿ ಹೇಳ್ಬೇಡಿ. ಒಂದು ದಿನದ ತಿಂಡಿ ನೀವು ಮಾಡಿ, ಆಮೇಲೆ ಅವರು ಆ ಹೊತ್ತನ್ನ ಹೇಗೆ ಕಳೀತಾರೋ ಅವರಿಗೆ ಬಿಡಿ.

ಸ್ಕೆಗ್ನೆಸ್ ಶೀಟ್‌ನ ಖಾಲಿ ನಮೂನೆ ಮಾಡಿಟ್ಟಿದ್ದೀನಿ, ಬೇಕಾದವರು ಮೆಸೇಜ್ ಮಾಡಿ, ಕಳಿಸ್ತೀನಿ. ಮುಂದಿನ ದಸರಾ ರಜೆಗೆ ಅಪ್ಪನ್ನ ಎರಡು ದಿನ ಅಂಗಡಿ ಮುಚ್ಚೋಕೆ ಒಪ್ಪಿಸಬೇಕು ಅಂತಿದ್ದೀನಿ. ಅಂಗಡಿ ಇಟ್ಕೊಂಡಿರೋರ ಮನೆಯಿಂದ ಬಂದ ಕೇಳುಗರು ಯಾರಾದ್ರೂ ಇದನ್ನ ಸಾಧಿಸಿದ್ರೆ, ಹೇಗೆ ಅಂತ ವಾಯ್ಸ್ ನೋಟ್ ಕಳಿಸಿ. ಒಳ್ಳೆ ಐಡಿಯಾಗಳನ್ನ ಮುಂದಿನ ಎಪಿಸೋಡ್‌ನಲ್ಲಿ ಎಲ್ಲರಿಗೂ ಕೇಳಿಸೋಣ. ಅಲ್ಲಿವರೆಗೂ ಆರಾಮಾಗಿರಿ, ಸಿಗೋಣ.